ಮಲೆನಾಡಿನ ತಿರುವು, ಬೈಕಿನ ಖುಷಿ, ಜೇಬಿನ ನಾಲ್ಕಾಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ರಸ್ತೆಗಳಲ್ಲಿ ಬೈಕ್ ಓಡಿಸುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಊರಿನ ಹುಡುಗರು, ಹಾಸನದ ಕಾಲೇಜಿನವರು, ಶನಿವಾರ ಬೆಂಗಳೂರಿನಿಂದ ಬರುವ ಗೆಳೆಯರು ಎಲ್ಲರೂ ಸುತ್ತಿ ಬಳಸಿ ಕೇಳುವುದು ಇವೇ ಪ್ರಶ್ನೆಗಳು. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸೇಫ್ಟಿ ಸೇಫ್ಟಿ ಅಂತ ಕೂತರೆ ಬೈಕ್ ಓಡಿಸುವ ಮಜಾನೇ ಹೋಗಲ್ವಾ?

ಹೋಗುವುದಿಲ್ಲ. ನಾನು ಬೈಕ್ ಕಲಿತ ಹೊಸದರಲ್ಲಿ ನಮ್ಮ ಬೀದಿಯ ಗ್ಯಾರೇಜ್ ಮೇಸ್ತ್ರಿ ಒಂದು ಮಾತು ಹೇಳಿದ್ದರು: "ನಿನ್ ಹತ್ರ ಹದಿನಾರಾಣೆ ಇದ್ರೆ ಹನ್ನೆರಡಾಣೆ ಖರ್ಚು ಮಾಡು. ನಾಲ್ಕಾಣೆ ಯಾವಾಗ್ಲೂ ಜೇಬಲ್ಲಿರ್ಲಿ." ಬೈಕಿನ ಶಕ್ತಿ, ಟೈರಿನ ಹಿಡಿತ, ನಿಮ್ಮ ಕೈಚಳಕ, ಎಲ್ಲ ಸೇರಿ ಹದಿನಾರಾಣೆ. ತಿರುವಿನ ಆಚೆ ದನ ಮಲಗಿರಬಹುದು, ಬಸ್ಸು ರಸ್ತೆ ತುಂಬಾ ಬರುತ್ತಿರಬಹುದು. ಆಗ ಬೇಕಾಗುವುದು ಆ ನಾಲ್ಕಾಣೆ.

ಹನ್ನೆರಡಾಣೆಯಲ್ಲಿ ಸಿಗುವ ಖುಷಿ ಕಡಿಮೆ ಏನಲ್ಲ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂದು ವಾರಕ್ಕೆ ಕಾಫಿ ತೋಟಗಳೆಲ್ಲ ಹೂ ಬಿಟ್ಟು ಬೆಳ್ಳಗಾಗುತ್ತವೆ. ಬೆಳಿಗ್ಗೆ ಆರೂವರೆಗೆ ಆಲ್ದೂರು ಕಡೆ ಹೊರಟು ಹೆಲ್ಮೆಟ್ಟಿನ ಗಾಜು ಎರಡು ಬೆರಳಷ್ಟು ತೆಗೆಯಿರಿ. ನಲವತ್ತರಲ್ಲಿ ಹೋದರೆ ಮಲ್ಲಿಗೆಯಂಥ ಆ ವಾಸನೆ ಮೂಗು ತುಂಬುತ್ತದೆ. ಎಂಬತ್ತರಲ್ಲಿ ಹೋದರೆ ಕಿವಿಗೆ ಗಾಳಿ ಮಾತ್ರ. ಬೈಕನ್ನು ಒಂದು ತಿರುವಿನಿಂದ ಇನ್ನೊಂದಕ್ಕೆ ಬ್ರೇಕ್ ಮುಟ್ಟದೆ, ಗೇರು ಮತ್ತು ಆಕ್ಸಿಲರೇಟರಿನಲ್ಲೇ ಹರಿಸಿಕೊಂಡು ಹೋಗುವ ಸುಖ ಇದೆಯಲ್ಲ, ಅದಕ್ಕೆ ಸಮ ಯಾವುದೂ ನನಗೆ ಗೊತ್ತಿಲ್ಲ.

ಘಾಟಿಯಲ್ಲಿ ಎಷ್ಟು ಸ್ಪೀಡ್ ಸರಿ?

ಮೀಟರ್ ನೋಡಬೇಡಿ, ರಸ್ತೆ ನೋಡಿ. ಕಣ್ಣಿಗೆ ಕಾಣುವ ರಸ್ತೆಯೊಳಗೆ ನಿಲ್ಲಿಸಲು ಆಗಬೇಕು. ರಸ್ತೆ ಕಿರಿದಾಗಿದ್ದರೆ ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಲು ಆಗಬೇಕು, ಯಾಕೆಂದರೆ ಎದುರಿನವನಿಗೂ ಅಷ್ಟೇ ಜಾಗ ಬೇಕಲ್ವಾ.

ಲೆಕ್ಕ ಸುಲಭ. 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೀರಿ. ಏನೋ ಕಂಡು, ಕೈ ಬ್ರೇಕಿಗೆ ಹೋಗುವುದರೊಳಗೆ ಆ 17 ಮೀಟರ್ ಮುಗಿದಿರುತ್ತದೆ. ಒಣಗಿದ ಒಳ್ಳೆ ಟಾರಿನ ಮೇಲೆ ಬ್ರೇಕ್ ಹಾಕಿ ನಿಲ್ಲಲು ಇನ್ನೂ ಸುಮಾರು 20 ಮೀಟರ್. ಅದೇ 40ರಲ್ಲಿದ್ದರೆ ಎರಡೂ ಸೇರಿ 20 ಮೀಟರ್ ಆಸುಪಾಸಿನಲ್ಲಿ ಗಾಡಿ ನಿಂತಿರುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಚಾರ್ಮಾಡಿ ಘಾಟಿಯ ಎಷ್ಟೋ ತಿರುವುಗಳಲ್ಲಿ ಮುಂದೆ 20 ಮೀಟರ್ ಕಂಡರೆ ಅದೇ ಹೆಚ್ಚು. ಅಲ್ಲಿ ಅರವತ್ತರಲ್ಲಿ ನುಗ್ಗುವವನು ಕಾಣದ ರಸ್ತೆ ಖಾಲಿ ಇದೆ ಅಂತ ನಂಬಿಕೊಂಡು ಹೋಗುತ್ತಿದ್ದಾನೆ, ಅಷ್ಟೇ.

ತಿರುವು ಸರಿಯಾಗಿ ತೆಗೆದುಕೊಳ್ಳುವುದು ಹೇಗೆ? ನನ್ನ ಬೈಕ್ ಪ್ರತಿ ಸಲ ಅಗಲಕ್ಕೆ, ತಿರುವಿನ ಹೊರ ಅಂಚಿಗೆ ಹೋಗಿಬಿಡುತ್ತದೆ.

ಬಹಳ ಜನರ ತೊಂದರೆ ಇದು. ಕಾರಣ ಸಾಮಾನ್ಯವಾಗಿ ಎರಡು. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹಿಡಿಯುತ್ತೀರಿ. ಮತ್ತೆ ಕಣ್ಣು ಹೋಗಬಾರದ ಕಡೆ ಹೋಗುತ್ತದೆ.

ಬ್ರೇಕ್, ಗೇರ್ ಎಲ್ಲವನ್ನೂ ತಿರುವು ಶುರುವಾಗುವ ಮುಂಚೆ, ಬೈಕ್ ನೆಟ್ಟಗಿರುವಾಗಲೇ ಮುಗಿಸಿ. ಒಳಗೆ ಹೋಗುವಾಗ "ಸ್ವಲ್ಪ ನಿಧಾನ ಆಯಿತೇನೋ" ಅನ್ನಿಸಬೇಕು. ಆಮೇಲೆ ಸಣ್ಣಗೆ ಆಕ್ಸಿಲರೇಟರ್ ಕೊಟ್ಟುಕೊಂಡು ಹೋಗಿ. ರಸ್ತೆ ತೆರೆದುಕೊಂಡಂತೆ ಜಾಸ್ತಿ ಮಾಡಿ. ವಾಲಿದ ಬೈಕಿಗೆ ಗಟ್ಟಿ ಬ್ರೇಕ್ ಹಾಕಿದರೆ ಅದು ಜಾರುತ್ತದೆ, ಇಲ್ಲವೇ ಎದ್ದು ನಿಂತು ನೇರ ಹೋಗಿಬಿಡುತ್ತದೆ.

ಕಣ್ಣಿನ ಮಾತು ಇನ್ನೂ ದೊಡ್ಡದು. ನೋಡಿದ ಕಡೆ ಬೈಕ್ ಹೋಗುತ್ತದೆ. ಎದುರಿನ ಲಾರಿಯನ್ನು ದಿಟ್ಟಿಸಿದರೆ ಲಾರಿಯ ಕಡೆಗೆ, ತಡೆಗೋಡೆಯನ್ನು ದಿಟ್ಟಿಸಿದರೆ ಗೋಡೆಯ ಕಡೆಗೆ. ಗದ್ದ ತಿರುಗಿಸಿ, ತಿರುವು ಮುಗಿಯುವ ಜಾಗವನ್ನು ಹುಡುಕಿ. ಹೆದರಿದಾಗ ಇದನ್ನು ಮಾಡುವುದು ಕಷ್ಟ. ಅದಕ್ಕೇ ಹೆದರಿಕೆ ಇಲ್ಲದ ಜಾಗದಲ್ಲಿ ರೂಢಿ ಮಾಡಬೇಕು.

ಇನ್ನೊಂದು ಸಂಗತಿ ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ. ಬೈಕನ್ನು ಎಡಕ್ಕೆ ವಾಲಿಸಬೇಕಾದರೆ ಹ್ಯಾಂಡಲಿನ ಎಡಬದಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಬಲಕ್ಕಾದರೆ ಬಲಬದಿಯನ್ನು. ನಾವೆಲ್ಲ ಗೊತ್ತಿಲ್ಲದೆಯೇ ಇದನ್ನು ಮಾಡುತ್ತಿರುತ್ತೇವೆ. ಗೊತ್ತಿದ್ದು ಮಾಡಿದರೆ ಅಗಲಕ್ಕೆ ಹೋಗುತ್ತಿರುವ ಬೈಕನ್ನು ಒಳಗೆ ತರಬಹುದು. ಭಾನುವಾರ ಬೆಳಿಗ್ಗೆ ಯಾವುದಾದರೂ ಖಾಲಿ ಮೈದಾನದಲ್ಲಿ 30ರ ವೇಗದಲ್ಲಿ ಮಾಡಿ ನೋಡಿ.

ಬಲ ತಿರುವಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ನಿಮ್ಮ ಟೈರ್ ಮಧ್ಯದ ಗೆರೆಯ ಈಚೆಗೇ ಇರಬಹುದು. ಆದರೆ ವಾಲಿದ ತಲೆ, ಹೆಗಲು ಗೆರೆ ದಾಟಿ ಎದುರಿನ ಬಸ್ಸಿನ ಪಾಲಿನ ರಸ್ತೆಗೆ ಹೋಗಿರುತ್ತವೆ. ಬಲ ತಿರುವಿನಲ್ಲಿ ಎಡಕ್ಕೇ ಇರಿ. ಕಡಿದಾದ ಹೇರ್‌ಪಿನ್‌ಗಳಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕಾಗುತ್ತದೆ. ಕೆಳಗಿನಿಂದ ಕೆಂಪು ಬಸ್ಸು ಏರುತ್ತಿರುವುದು ಕಂಡರೆ ತಿರುವಿಗೆ ಮುಂಚೆಯೇ ನಿಂತು ದಾರಿ ಬಿಡಿ. ಕಿರಿದಾದ ಏರು ರಸ್ತೆಯಲ್ಲಿ ಹತ್ತುವ ಗಾಡಿಗೆ ಮೊದಲ ದಾರಿ ಅಂತ ನಿಯಮವೂ ಇದೆ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಬಹುದಾ?

ದಯವಿಟ್ಟು ಬೇಡ. ಮುಳ್ಳಯ್ಯನಗಿರಿಯಿಂದ ಇಂಜಿನ್ ಆಫ್ ಮಾಡಿಕೊಂಡು ಇಳಿಯುವವರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಬೆಟ್ಟ ಅದು. ಇಳಿಯುವಾಗ ಇಡೀ ಭಾರ ಬ್ರೇಕಿನ ಮೇಲೆ ಬಿದ್ದರೆ ಬ್ರೇಕ್ ಕಾಯುತ್ತದೆ, ಡಿಸ್ಕ್ ಬ್ರೇಕಿನ ಎಣ್ಣೆ ಕುದಿಯಲೂಬಹುದು. ಆಮೇಲೆ ಲಿವರ್ ಹಿಡಿದರೆ ಸ್ಪಂಜು ಹಿಂಡಿದ ಹಾಗೆ ಒಳಗೆ ಹೋಗುತ್ತದೆ, ಬೈಕ್ ಮಾತ್ರ ನಿಲ್ಲುವುದಿಲ್ಲ.

ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ. ಇಂಜಿನ್ನೇ ಬೈಕನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನು ಹಿಡಿದೇ ಇರುವ ಬದಲು, ಹಿಡಿದು ವೇಗ ಇಳಿಸಿ ಬಿಟ್ಟುಬಿಡಿ. ಗೇರ್ ಇಲ್ಲದ ಸ್ಕೂಟರಿಗೆ ಇಂಜಿನ್ನಿನ ಹಿಡಿತ ಕಡಿಮೆ. ಅದಕ್ಕೆ ಮಧ್ಯೆ ಮಧ್ಯೆ ನಿಂತು ಬ್ರೇಕ್ ತಣ್ಣಗಾಗಲು ಬಿಟ್ಟು ಹೋಗುವುದೇ ಒಳ್ಳೆಯದು. ನಿಂತರೆ ನೋಡಲು ಬೆಟ್ಟ ಇದೆಯಲ್ಲ.

ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳಲ್ವಾ?

ಇದು ಸೈಕಲ್ ಕಾಲದ ಭಯ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಾಗಾಗಿ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ. ಹಿಂದಿನದೊಂದನ್ನೇ ತುಳಿದರೆ ಚಕ್ರ ಜಾಮ್ ಆಗಿ ಬಾಲ ಅಲ್ಲಾಡುತ್ತದೆ. ಎರಡನ್ನೂ ಒಟ್ಟಿಗೆ ಬಳಸಿ. ಮುಂದಿನದನ್ನು ನಿಂಬೆಹಣ್ಣು ಹಿಂಡುವ ಹಾಗೆ ಮೆಲ್ಲಗೆ ಶುರು ಮಾಡಿ ಗಟ್ಟಿ ಮಾಡುತ್ತಾ ಹೋಗಿ. ಗಬಕ್ಕನೆ ಹಿಡಿಯಬೇಡಿ.

ನನ್ನ ಬೈಕಿನಲ್ಲಿ ಎಬಿಎಸ್ ಇದೆ. ಇನ್ನೂ ಹೆದರಬೇಕಾ?

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿದೆ. ಒಳ್ಳೆಯ ವಿಷಯ. ಚಕ್ರ ಜಾಮ್ ಆಗದಂತೆ ಅದು ನೋಡಿಕೊಳ್ಳುತ್ತದೆ. ಆದರೆ ಟೈರಿಗೆ ಇಲ್ಲದ ಹಿಡಿತವನ್ನು ಅದು ತಂದುಕೊಡುವುದಿಲ್ಲ. ಜಲ್ಲಿ ಮೇಲೆ, ಕೆಸರಿನ ಮೇಲೆ ನಿಲ್ಲಲು ಬೇಕಾದ ದೂರ ಹೆಚ್ಚೇ. ಸಾಮಾನ್ಯ ಎಬಿಎಸ್ ನೇರ ಇರುವ ಬೈಕಿಗೆ ಮಾಡಿದ್ದು, ವಾಲಿದಾಗ ಪೂರ್ತಿ ನಂಬಬೇಡಿ.

ಮಳೆಗಾಲದಲ್ಲಿ ಇಲ್ಲಿ ಬೈಕ್ ತರುವುದು ಹುಚ್ಚುತನವಾ?

ಅಲ್ಲ. ಮಳೆಗಾಲದ ಮಲೆನಾಡು ನೋಡದವರು ಮಲೆನಾಡು ನೋಡಿಲ್ಲ ಅನ್ನುವವನು ನಾನು. ಆದರೆ ಆಗ ರಸ್ತೆಯೇ ಬೇರೆ ಆಗಿರುತ್ತದೆ. ಹದಿನಾರಾಣೆಯಲ್ಲಿ ಎಂಟಾಣೆ ಖರ್ಚು ಮಾಡಿ.

ಜನ ಅಂದುಕೊಳ್ಳುವುದು ಜುಲೈನ ಜಡಿಮಳೆ ಅಪಾಯ ಅಂತ. ನನ್ನನ್ನು ಕೇಳಿದರೆ ಬೇಸಿಗೆಯ ಮೊದಲ ಮಳೆ ಅದಕ್ಕಿಂತ ಕೆಟ್ಟದ್ದು. ತಿಂಗಳುಗಟ್ಟಲೆ ಲಾರಿ, ಬಸ್ಸುಗಳಿಂದ ಸುರಿದ ಎಣ್ಣೆ, ಧೂಳು ಎರಡೂ ನೀರಿನಲ್ಲಿ ತೇಲಿ ಟಾರಿನ ಮೇಲೆ ಸೋಪು ಬಳಿದ ಹಾಗಾಗುತ್ತದೆ. ಮೊದಲ ಅರ್ಧ ಗಂಟೆ ಎಲ್ಲಾದರೂ ಟೀ ಅಂಗಡಿಯಲ್ಲಿ ನಿಂತುಬಿಡಿ. ಮಳೆ ಚೆನ್ನಾಗಿ ತೊಳೆದ ಮೇಲೆ ಹಿಡಿತ ಸ್ವಲ್ಪ ವಾಪಸ್ ಬರುತ್ತದೆ.

ಜುಲೈ, ಆಗಸ್ಟ್‌ನಲ್ಲಿ ಬಿಸಿಲೇ ಬೀಳದ ಜಾಗದಲ್ಲಿ ರಸ್ತೆಗೆ ಪಾಚಿ ಕಟ್ಟುತ್ತದೆ. ಸಿಲ್ವರ್ ಓಕ್ ಮರಗಳ ಕೆಳಗೆ ಎಲೆ ಕೊಳೆತು ಅಂಟಾಗಿರುತ್ತದೆ. ಗಾಡಿಗಳ ಚಕ್ರ ಓಡಾಡಿ ಕಪ್ಪಾಗಿರುವ ಎರಡು ಪಟ್ಟಿಗಳಲ್ಲೇ ಹೋಗಿ, ಅಂಚಿಗೆ ಇಳಿಯಬೇಡಿ. ಬಿಳಿ ಬಣ್ಣದ ಗೆರೆ, ಸೇತುವೆಯ ಕಬ್ಬಿಣದ ಪಟ್ಟಿ ಇವುಗಳ ಮೇಲೆ ಬೈಕ್ ನೆಟ್ಟಗಿರಲಿ. ನೀರು ತುಂಬಿದ ಗುಂಡಿಯ ಆಳ ಯಾರಿಗೂ ಗೊತ್ತಿರುವುದಿಲ್ಲ.

ಗುಡ್ಡ ಕುಸಿತದ ಮಾತು ಹೇಳಲೇಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿಯೇ ಬಂದ್ ಆಗಿತ್ತು. ಜೋರು ಮಳೆಯ ದಿನ ಹೊರಡುವ ಮುಂಚೆ ಜಿಲ್ಲಾಡಳಿತದ ಸೂಚನೆ ನೋಡಿ. ಮುಳ್ಳಯ್ಯನಗಿರಿಗೆ ಹೋಗುವುದಾದರೂ ಆಗಿನ ನಿಯಮ ನೋಡಿಕೊಂಡೇ ಹೋಗಿ, ಚೆಕ್‌ಪೋಸ್ಟ್ ಇರುವ ಕೈಮರದವರೆಗೆ ಹೋಗಿ ವಾಪಸ್ ಬರುವುದು ಯಾಕೆ.

ಮಂಜಿನಲ್ಲಿ ಹೈ ಬೀಮ್ ಹಾಕಬೇಕಾ?

ಬೇಡ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಲೋ ಬೀಮ್ ಹಾಕಿ, ಎಡಗಡೆಯ ಬಿಳಿ ಗೆರೆ ಹಿಡಿದು ಹೋಗಿ, ತಿರುವಿನಲ್ಲಿ ಹಾರ್ನ್ ಮಾಡಿ. ನಿಲ್ಲುವುದಾದರೆ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ.

ಹಾಸನ, ಕಡೂರು ಕಡೆಯ ಬಯಲಿನ ರಸ್ತೆ ನೇರ ಇದೆ. ಅಲ್ಲಿ ಆರಾಮ ಅಲ್ವಾ?

ಅಲ್ಲಿ ಬೇರೆ ಅಪಾಯ ಇದೆ. ಸುಗ್ಗಿ ಬಂತೆಂದರೆ ರಾಗಿ, ಹುರುಳಿಯ ಒಕ್ಕಣೆ ಟಾರ್ ರಸ್ತೆಯಲ್ಲೇ. ಗಾಡಿಗಳು ಓಡಾಡಿ ಕಾಳು ಬೇರೆಯಾಗಲಿ ಅಂತ ಹರಡಿರುತ್ತಾರೆ. ನನ್ನ ಗೆಳೆಯ ಒಬ್ಬ ಅರಸೀಕೆರೆ ದಾರಿಯಲ್ಲಿ ಹುರುಳಿ ಹೊಟ್ಟಿನ ಮೇಲೆ ಬ್ರೇಕ್ ಹಾಕಿ ಹತ್ತು ಮಾರು ಜಾರಿದ್ದ. ಹೊಟ್ಟಿನ ಕೆಳಗೆ ಕಾಳು ಉರುಳುತ್ತಿರುತ್ತವೆ, ಗೋಲಿಗಳ ಮೇಲೆ ಗಾಡಿ ಬಿಟ್ಟ ಹಾಗೆ. ದೂರದಿಂದ ಹಳದಿ ಪಟ್ಟೆ ಕಂಡ ಕೂಡಲೇ ವೇಗ ಇಳಿಸಿ. ಅದರ ಮೇಲೆ ಹೋಗಲೇಬೇಕಾದರೆ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೇರ ದಾಟಿ. ಕಣ ಇಲ್ಲದ ರೈತನ ಕಷ್ಟವೂ ನನಗೆ ಗೊತ್ತು. ಊರೂರಿಗೆ ಒಂದು ಸಾಮೂಹಿಕ ಕಣ ಆದರೆ ಇಬ್ಬರಿಗೂ ಒಳ್ಳೆಯದು.

ಆನೆ ಎದುರಾದರೆ?

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಇದು ನಿಜವಾದ ಪ್ರಶ್ನೆ. ಕತ್ತಲಾದ ಮೇಲೆ, ಬೆಳಕು ಹರಿಯುವ ಮುಂಚೆ ತೋಟದ ದಾರಿಗಳಲ್ಲಿ ಬೈಕ್ ಬೇಡವೇ ಬೇಡ. ಕಂಡರೆ ದೂರದಲ್ಲೇ ನಿಲ್ಲಿ, ಹಾರ್ನ್ ಮಾಡಬೇಡಿ, ಫೋಟೋಗೆ ಹತ್ತಿರ ಹೋಗಬೇಡಿ, ಬೈಕ್ ತಿರುಗಿಸಿಕೊಂಡು ಬನ್ನಿ. ಒಂದು ದಾಟಿತು ಅಂತ ಹೊರಡಬೇಡಿ, ಹಿಂದೆ ಮರಿ ಇರಬಹುದು. ಟೀ ಅಂಗಡಿಯಲ್ಲಿ "ಇವತ್ತು ಎಲ್ಲಿದಾವೆ?" ಅಂತ ಕೇಳಿ. ಊರಿನವರಿಗೆ ಗೊತ್ತಿರುತ್ತದೆ.

ಯಾವ ಹೆಲ್ಮೆಟ್ ತಗೊಳ್ಳಲಿ?

ಐಎಸ್‌ಐ ಗುರುತು ಮತ್ತು ಐಎಸ್ 4151 ಅಂತ ಬರೆದಿರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್. ತಲೆಗೆ ಬಿಗಿಯಾಗಿರಬೇಕು. ಪಟ್ಟಿ ಹಾಕಿಕೊಂಡು, ಹಿಂದಿನಿಂದ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ನಿಮಗಿಂತ ಮುಂಚೆ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ, ಒಳಗಿನ ಥರ್ಮಾಕೋಲಿನಂಥ ಪದರ ಒತ್ತಿಹೋಗಿರುತ್ತದೆ.

ಗ್ಲೌಸ್, ಜಾಕೆಟ್ ಎಲ್ಲಾ ಶೋಕಿ ಅಲ್ವಾ?

ನನ್ನ ಹಳೇ ಗ್ಲೌಸ್ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಡಿಸೆಂಬರಿನ ಒಂದು ಬೆಳಿಗ್ಗೆ, ಕಾಫಿ ಕೊಯ್ಲಿನ ಸಮಯ. ಆಲ್ದೂರು ರಸ್ತೆಯ ಎಡ ತಿರುವಿನಲ್ಲಿ, ನಲವತ್ತೈದರ ವೇಗದಲ್ಲಿ, ಮುಂದಿನ ಚಕ್ರ ಇದ್ದಕ್ಕಿದ್ದಂತೆ ಇಲ್ಲವಾಯಿತು. ತೋಟದಿಂದ ಬಂದ ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಮ್ಮಣ್ಣು, ಅದರ ಮೇಲೆ ಇಬ್ಬನಿ. ಬೀಳುವಾಗ ಯಾರೇ ಆಗಲಿ ಮೊದಲು ಕೈ ಊರುತ್ತಾರೆ, ನಾನೂ ಊರಿದೆ. ಎದ್ದು ನೋಡಿದರೆ ಬಲ ಅಂಗೈಯ ಚರ್ಮದ ತುಂಡು ಪೂರ್ತಿ ಸವೆದು ಒಳಗಿನ ಬಿಳಿ ದಾರ ಹೊರಗೆ ಬಂದಿತ್ತು. ಗ್ಲೌಸಿನದು. ನನ್ನ ಅಂಗೈ ಬರೀ ಕೆಂಪಾಗಿತ್ತು. ಮೊಣಕಾಲಿಗೆ ಮಾತ್ರ ಏನೂ ಹಾಕಿರಲಿಲ್ಲ, ಜೀನ್ಸ್ ನಂಬಿಕೊಂಡಿದ್ದೆ. ಆ ಗಾಯ ಮಾಯಲು ಆರು ವಾರ ಬೇಕಾಯಿತು.

ದುಡ್ಡು ಕಡಿಮೆ ಇದ್ದರೆ ಈ ಕ್ರಮದಲ್ಲಿ ಕೊಳ್ಳಿ: ಹೆಲ್ಮೆಟ್, ಗ್ಲೌಸ್, ಹಿಮ್ಮಡಿ ಗಂಟು ಮುಚ್ಚುವ ಶೂ, ಮಂಡಿ ಗಾರ್ಡ್, ಆಮೇಲೆ ಜಾಕೆಟ್.

ಹಿಂದೆ ಹೆಂಡತಿ, ಮುಂದೆ ಮಗು. ಏನು ನಿಯಮ?

ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಹಿಂದೆ ಕೂತವರಿಗೂ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಪುಟ್ಟ ಹೆಲ್ಮೆಟ್, ಸವಾರರಿಗೆ ಕಟ್ಟಿಕೊಳ್ಳುವ ಬೆಲ್ಟ್ ಬೇಕು, ವೇಗ 40 ದಾಟಬಾರದು. ಟ್ಯಾಂಕಿನ ಮೇಲೆ ಮಗು ಕೂರಿಸಬೇಡಿ. ಸೀರೆಯ ಸೆರಗು, ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಟ್ಟಿಕೊಳ್ಳಲಿ, ಸೀರೆ ಗಾರ್ಡ್ ಬಿಚ್ಚಿಸಬೇಡಿ. ಹಿಂದೆ ಒಬ್ಬರಿದ್ದರೆ ಖುಷಿಯ ಲೆಕ್ಕ ಅವರದು. ಅವರಿಗೆ ಹೆದರಿಕೆ ಆದರೆ ನಿಧಾನ ಮಾಡಿ, ವಾದ ಮಾಡಬೇಡಿ.

ಗುಂಪಿನಲ್ಲಿ ಹೋಗುವಾಗ?

ಗುಂಪಿನಲ್ಲಿ ಒಳ್ಳೇ ಹುಡುಗನೂ ಕೆಡುತ್ತಾನೆ. ಮುಂದಿನವನು ಕಣ್ಮರೆಯಾದರೆ ಹಿಡಿಯಬೇಕು ಅನ್ನುವ ಹಟ ಬರುತ್ತದೆ, ಅಲ್ಲೇ ಅವಘಡ. ನಾವು ಎಲ್ಲರಿಗಿಂತ ಹೊಸಬನನ್ನು ಎರಡನೇ ಜಾಗದಲ್ಲಿ ಬಿಡುತ್ತೇವೆ. ಅವನ ವೇಗವೇ ಗುಂಪಿನ ವೇಗ. ಅನುಭವಸ್ಥ ಒಬ್ಬ ಕೊನೆಗೆ. ದಾರಿ ಕವಲೊಡೆಯುವ ಕಡೆಯೆಲ್ಲ ಹಿಂದಿನವನು ಕಾಣುವವರೆಗೆ ನಿಲ್ಲುತ್ತೇವೆ. ಹಾಗಾಗಿ ಯಾರಿಗೂ ಕಳೆದುಹೋಗುವ ಭಯ ಇಲ್ಲ, ಓಡಿ ಹಿಡಿಯುವ ಅಗತ್ಯವೂ ಇಲ್ಲ.

ಹೋಂಸ್ಟೇಯಲ್ಲಿ ಒಂದೇ ಒಂದು ಬಿಯರ್ ಕುಡಿದು ಓಡಿಸಬಹುದಾ?

ಇಲ್ಲ.

ಅಪ್ಪನ ಹಳೇ ಯಮಹಾ ಆರ್‌ಎಕ್ಸ್ 100 ಇದೆ. ಘಾಟಿಗೆ ಹಾಕಲಾ?

ಆ ಸದ್ದು ಕೇಳಿದರೆ ನನಗೂ ಮೈ ನವಿರೇಳುತ್ತದೆ. 1985ರಿಂದ 1996ರವರೆಗೆ ಬಂದ ಗಾಡಿ ಅದು. ಆದರೆ ಎರಡೂ ಕಡೆ ಡ್ರಮ್ ಬ್ರೇಕ್. ಟೂ ಸ್ಟ್ರೋಕ್ ಆದ್ದರಿಂದ ಇಳಿಜಾರಿನಲ್ಲಿ ಇಂಜಿನ್ ಅಷ್ಟಾಗಿ ಹಿಡಿಯುವುದಿಲ್ಲ. ಆಕ್ಸಿಲರೇಟರ್ ಮುಚ್ಚಿಕೊಂಡೇ ಉದ್ದ ಇಳಿದರೆ ಇಂಜಿನ್ನಿಗೆ ಎಣ್ಣೆಯೂ ಸಾಲದು. ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಹೊಸ ಬ್ರೇಕ್ ಶೂ, ಹೊಸ ಕೇಬಲ್, ಹೊಸ ಟೈರ್ ಹಾಕಿಸಿ. ಆಮೇಲೆ ಬೆಳಿಗ್ಗೆ ಬೇಗ, ನಿಧಾನವಾಗಿ ಹೋಗಿ ಬನ್ನಿ.

ನನಗೆ ನಿಜವಾಗಿಯೂ ವೇಗವೇ ಬೇಕು. ಏನು ಮಾಡಲಿ?

ಅದು ತಪ್ಪಲ್ಲ, ಅದಕ್ಕೆ ತಕ್ಕ ಜಾಗ ಇದೆ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯಲ್ಲಿ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕುಗಳಿವೆ, ಅಲ್ಲಿ ತರಬೇತಿಯೂ ಸಿಗುತ್ತದೆ. ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣುದಾರಿಗಳಲ್ಲೇ ರಾಷ್ಟ್ರೀಯ ಕಾರ್ ರ‍್ಯಾಲಿಯ ಸುತ್ತುಗಳು ನಡೆದಿವೆ. ಆಗ ದಾರಿ ಮುಚ್ಚಿರುತ್ತಾರೆ, ಎದುರಿನಿಂದ ಯಾರೂ ಬರುವುದಿಲ್ಲ, ಆಂಬ್ಯುಲೆನ್ಸ್ ಸಿದ್ಧ ಇರುತ್ತದೆ.

ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ, ಮರಳುಗಾಡು, ಬೆಟ್ಟಗಳಲ್ಲಿ ವಾರಗಟ್ಟಲೆ ನಡೆಯುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. 2021ರ ಡಕಾರ್‌ನಲ್ಲಿ ಅವರು ಜೋರಾಗಿ ಬಿದ್ದರು. ತಕ್ಷಣ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು, ಚೇತರಿಸಿಕೊಂಡರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಕಚ್ಚಾ ದಾರಿಯ ಬೈಕ್ ರ‍್ಯಾಲಿಗಳ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ಗೆದ್ದವರು. ಇಂಥವರು ಎಷ್ಟು ರಕ್ಷಣೆ ತೊಟ್ಟುಕೊಂಡು, ಎಷ್ಟು ಜನರ ಕಾವಲಿನಲ್ಲಿ ವೇಗವಾಗಿ ಹೋಗುತ್ತಾರೆ ನೋಡಿ. ಚಾರ್ಮಾಡಿಯಲ್ಲಿ ಬಿದ್ದರೆ ಫೋನಿಗೆ ಸಿಗ್ನಲ್ ಸಿಕ್ಕರೇ ಪುಣ್ಯ.

ಯಾರಾದರೂ ಬಿದ್ದಿದ್ದರೆ ನಾನು ಏನು ಮಾಡಬೇಕು? ಪೊಲೀಸ್ ಕೇಸ್ ಆಗಲ್ವಾ?

ಹೆದರದೆ ನಿಲ್ಲಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಇದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ. ನಿಮ್ಮ ಹೆಸರು ಹೇಳಲು ಕೂಡ ಬಲವಂತ ಮಾಡುವಂತಿಲ್ಲ. ಮೊದಲು ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ ಗಾಡಿಗಳನ್ನು ತಡೆಯಿರಿ. 108 ಅಥವಾ 112ಕ್ಕೆ ಫೋನ್ ಮಾಡಿ, ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ರೂಢಿ. ಅದನ್ನೂ ಮಾಡಬೇಡಿ.

ಒಮ್ಮೆ ಬಿದ್ದ ಮೇಲೆ ಮತ್ತೆ ಹತ್ತಲು ಭಯ ಆಗುತ್ತಿದೆ.

ಆಗಬೇಕಾದ್ದೇ. ನನಗೂ ಆಗಿತ್ತು. ಮಂಡಿ ವಾಸಿಯಾದ ಮೇಲೆ ಎರಡು ವಾರ ದಿನಾ ಬೆಳಿಗ್ಗೆ ಹಿರೇಕೊಳಲೆ ಕೆರೆಯವರೆಗೆ ಮೂವತ್ತರಲ್ಲಿ ಹೋಗಿ ಬರುತ್ತಿದ್ದೆ. ಕೆರೆ ಏರಿಯ ಮೇಲೆ ಹತ್ತು ನಿಮಿಷ ಕೂತು ವಾಪಸ್. ಯಾರ ಜೊತೆಗೂ ಹೋಗಲಿಲ್ಲ, ಯಾರಿಗೂ ಏನೂ ತೋರಿಸಬೇಕಿರಲಿಲ್ಲ.

ಆಮೇಲೆ ಒಂದು ದಿನ ನಾನು ಬಿದ್ದ ತಿರುವಿಗೇ ಹೋದೆ. ಬೈಕ್ ಪಕ್ಕಕ್ಕೆ ನಿಲ್ಲಿಸಿ ಆ ತಿರುವನ್ನು ನಡೆದು ನೋಡಿದೆ. ತೋಟದ ಗೇಟು ತಿರುವಿನ ಒಳಗೇ ಇತ್ತು. ಗೇಟಿನಿಂದ ಟಾರಿನವರೆಗೆ ಟ್ರ್ಯಾಕ್ಟರ್ ಚಕ್ರದ ಕೆಂಪು ಗುರುತು ಹಾಗೇ ಇತ್ತು. ಬರುವಾಗ ನೂರು ಮೀಟರ್ ದೂರದಿಂದಲೇ ಆ ಗೇಟಿನ ಕಲ್ಲುಕಂಬ ಕಾಣುತ್ತದೆ, ಅವತ್ತು ನಾನು ನೋಡಿರಲಿಲ್ಲ. ಈಗ ಕಂಬ ಕಂಡ ಕೂಡಲೇ ಒಂದು ಗೇರ್ ಇಳಿಸುತ್ತೇನೆ.